ಕುಸುಬಿ ಎಣ್ಣೆಯಲ್ಲಿ ತಣಿದ ಚಾಕು

ಆ ಚಾಕನ್ನು ಯಾವ ಹೊರದೇಶದ ಉಸ್ತಾದನೂ ಮಾಡಲಿಲ್ಲ. ನನ್ನ ವೈನಿ ಮಾಡಿದರು — ಅಣ್ಣನ ಹೆಂಡತಿ, ಕಾಶೀಬಾಯಿ. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬೇರೊಬ್ಬನ ಹೆಸರನ್ನು ಬರೆದೆ. ಆ ಬೇರೊಬ್ಬನನ್ನು ಹುಟ್ಟಿಸಿದವಳೂ ನಾನೇ. ಬರೆದದ್ದು ಸಾಲದೆಂಬಂತೆ, ಕೇಳಿದವರಿಗೆ ಒಂದು ಮಧ್ಯಾಹ್ನ ಫೋನಿನಲ್ಲಿ ಅದನ್ನೇ ಬಾಯಿಬಿಟ್ಟು ಹೇಳಿದೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ — ಈ ಕೊನೆಯ ವಾಕ್ಯವೊಂದನ್ನು ಬರೆಯುವುದಕ್ಕೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಇದನ್ನು ಪ್ರಕಟಿಸಬಾರದೆಂದು ನನ್ನ ಪತಿ ಹೇಳುತ್ತಾರೆ. ಅವರದು ಮೂರು ತಲೆಮಾರುಗಳಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿದ ಮನೆತನ. ಏನನ್ನೇ ಆದರೂ ಸದ್ದಿಲ್ಲದೆ ಮುಗಿಸಬೇಕೆನ್ನುವವರು. “ಈಗ್ಯಾಕ ಇದನ್ನೆಲ್ಲ ಕೆದರ್ತಿ? ವೈನಿಯವ್ರೇ ಮರ್ತು ಕೂತಾರ” ಎಂದರು. ವೈನಿ ಮರೆತಿಲ್ಲ. ಅವರು ಕ್ಷಮಿಸಿದ್ದಾರೆ, ನಿಜ — ಆದರೆ ಅವರು ಕ್ಷಮಿಸಿದ್ದು ನಾನು ಮಾಡಿದ ತಪ್ಪನ್ನಲ್ಲ, ಅದಕ್ಕಿಂತ ಬಹಳ ಸಣ್ಣದನ್ನು. ಆದ್ದರಿಂದ ಬರೆಯುತ್ತೇನೆ. ಹೆಸರು ಕೆಡುವುದಾದರೆ ಕೆಡಲಿ.

ಸಾಹಸಚಿತ್ರಗಳನ್ನು ನೋಡಿದವರಿಗೆ ಅಂಥ ಚಾಕಿನ ಪರಿಚಯವಿರುತ್ತದೆ. ಬೆನ್ನಿಗೆ ಗರಗಸದ ಹಲ್ಲು, ಒಳಗೆ ಪೊಳ್ಳಾದ ಹಿಡಿಕೆ, ಹಿಡಿಕೆಯ ಮುಚ್ಚಳದಲ್ಲಿ ದಿಕ್ಸೂಚಿ. ಮುಚ್ಚಳ ತಿರುಗಿಸಿದರೆ ಬೆಂಕಿಕಡ್ಡಿ, ಗಾಳ, ದಾರ. ಕಾಡಿನಲ್ಲಿ ಒಂಟಿಯಾದ ನಾಯಕ ಅದನ್ನು ಒರೆಯಿಂದ ಎಳೆದಾಗ ಚಿತ್ರಮಂದಿರದಲ್ಲಿ ಸೀಟಿ ಬೀಳುತ್ತದೆ. ಸರ್ವೈವಲ್ ನೈಫ್ ಎಂದು ಅದರ ಹೆಸರು. ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳಲ್ಲಿ ಇಲ್ಲಿ ತಯಾರಾದ ಒಂದು ತೆಲುಗು ಚಿತ್ರದಲ್ಲಿ ಅಂಥದೊಂದು ಚಾಕು ನಾಯಕನಷ್ಟೇ ಹೆಸರು ಮಾಡಿತು. ನಾನು ಹೇಳುತ್ತಿರುವುದು ಆ ಚಾಕಿನ ವಿಷಯ.

ಆ ಕಟ್ಟಡಗಳು ಏಳುವ ಮೊದಲು ಅಲ್ಲಿ ಬಂಡೆಗಳಿದ್ದವು. ಬಂಡೆ ಒಡೆಯುವುದಕ್ಕೆ ನಮ್ಮ ಕಡೆಯ ಜನ ಬಂದಿದ್ದರು — ಬೀದರ, ಕಲಬುರಗಿ, ಯಾದಗಿರಿ. ಇಡೀ ದಿನ ಬಡಿದ ಉಳಿಯ ಮೊನೆ ಸಂಜೆಗೆ ಮೊಂಡಾಗುತ್ತದೆ. ಅದನ್ನು ಕಾಯಿಸಿ, ಬಡಿದು, ಮತ್ತೆ ಹದ ಹಾಕಿ ಕೊಡಬೇಕು. ಆ ಕೆಲಸಕ್ಕಾಗಿ ಭಾಲ್ಕಿ ಕಡೆಯ ನಮ್ಮೂರಿನಿಂದ ಅಣ್ಣ ಭೀಮಣ್ಣ ಬಂದು, ಬಂಡೆಗಳ ನಡುವೆ ತಗಡಿನ ಶೆಡ್ಡು ಹಾಕಿ ಕುಲುಮೆ ಹೂಡಿದ. ತಂದೆ-ತಾಯಿ ಇಲ್ಲದ ನನ್ನನ್ನೂ ಕರೆತಂದ. ಕುಲುಮೆಯಲ್ಲಿ ಇಕ್ಕಳ ಹಿಡಿದು ಚಿಕ್ಕ ಸುತ್ತಿಗೆಯಿಂದ ಎಲ್ಲಿ ಬಡಿಯಬೇಕೆಂದು ತೋರಿಸುವವನು ಗಂಡಸು. ತೋರಿಸಿದ ಕಡೆ ದೊಡ್ಡ ಸುತ್ತಿಗೆಯಿಂದ ಬಡಿಯುವವಳು ಹೆಂಗಸು. ಹತ್ತು ಪೆಟ್ಟಿನಲ್ಲಿ ಒಂಬತ್ತು ಅವಳವೇ ಆದರೂ ವಸ್ತು ಮಾಡಿದವನು ಅವನೆಂದೇ ಲೆಕ್ಕ. ಒಂದು ಚಳಿಗಾಲದಲ್ಲಿ ಕಲ್ಲು ಜಾರಿ ಅಣ್ಣನ ಬಲಗೈ ಮಣಿಕಟ್ಟು ಮುರಿಯಿತು. ಕೂಡಿತಾದರೂ ಹಿಡಿತ ಬರಲಿಲ್ಲ. ಅಂದಿನಿಂದ ಇಕ್ಕಳವೂ ವೈನಿಯ ಕೈಯಲ್ಲೇ, ಸುತ್ತಿಗೆಯೂ ಅವರ ಕೈಯಲ್ಲೇ. ಅಣ್ಣ ಎಡಗೈಯಿಂದ ಗಾಳಿಯ ಚಕ್ರ ತಿರುಗಿಸುತ್ತಿದ್ದ. ಬಂದವರು ಆಗಲೂ ಅವನನ್ನೇ “ಉಸ್ತಾದ್” ಎನ್ನುತ್ತಿದ್ದರು. ಅಣ್ಣ ಮಾತ್ರ ನಗುತ್ತ ಹೆಂಡತಿಯ ಕಡೆ ಬೆರಳು ಮಾಡುತ್ತಿದ್ದ — “ಉಸ್ತಾದ್ ಅಲ್ಲಿ ನಿಂತಾಳ ನೋಡ್ರಿ. ನಾ ಬರೀ ಫ್ಯಾನು.”

ಆ ಕುಲುಮೆಯ ದುಡಿಮೆಯಿಂದಲೇ ನಾನು ಪದವಿ ಮುಗಿಸಿದೆ. ನಮ್ಮ ಮನೆತನದಲ್ಲಿ ಮೊದಲನೆಯವಳು. ಆಮೇಲೆ ಅಮೀರ್‌ಪೇಟೆಯ ತರಬೇತಿ ಸಂಸ್ಥೆಯೊಂದರಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತು, ಅಲ್ಲಿಯೇ ಹಾಸ್ಟೆಲಿನಲ್ಲಿದ್ದುಕೊಂಡು, ಮಾದಾಪುರದ ಸಣ್ಣ ಕಂಪನಿಯೊಂದಕ್ಕೆ ಸೇರಿದೆ. ಅಣ್ಣನ ಶೆಡ್ಡಿಗೂ ನನ್ನ ಆಫೀಸಿಗೂ ನಡುವೆ ಇಪ್ಪತ್ತು ನಿಮಿಷದ ನಡಿಗೆ. ನಮ್ಮ ಮನೆಯವರದು ಸ್ಟೀಲ್ ವ್ಯಾಪಾರ ಎಂದು ಆಫೀಸಿನಲ್ಲಿ ಹೇಳಿದ್ದೆ. ಊಟದ ಡಬ್ಬಿಯಿಂದ ಕುಸುಬಿ ಎಣ್ಣೆಯ ವಾಸನೆ ಬಂದೀತೆಂದು ಒಬ್ಬಳೇ ಕುಳಿತು ತಿನ್ನುತ್ತಿದ್ದೆ. ತಪ್ಪು ಇಂಗ್ಲಿಷ್ ಮಾತಾಡಿಬಿಟ್ಟೇನೆಂಬ ಭಯಕ್ಕೆ ಮೊದಲು ಮನಸ್ಸಿನಲ್ಲಿ ವಾಕ್ಯವನ್ನು ಪೂರ್ತಿ ಕಟ್ಟಿ, ಆಮೇಲೆ ಬಾಯಿ ತೆರೆಯುತ್ತಿದ್ದೆ. ಇವು ಕಾರಣಗಳಲ್ಲ. ಹೀಗಿದ್ದೆ, ಅಷ್ಟೆ.

ಚಾಕಿನ ಕೆಲಸ ತಂದವನು ಸೂರಿಬಾಬು ಎಂಬ ತೆಲುಗಿನವನು. ಚಿತ್ರದ ಕಲಾ ವಿಭಾಗದಲ್ಲಿ ಸಹಾಯಕ. ಹೊರದೇಶದ ಸಿನಿಮಾ ಪತ್ರಿಕೆಯಿಂದ ಹರಿದ ಒಂದು ಹಾಳೆ ಅವನ ಕೈಯಲ್ಲಿತ್ತು — ಯಾವುದೋ ನಟ, ಮುಖಕ್ಕೆಲ್ಲ ಕೆಸರು, ಕೈಯಲ್ಲಿ ಚಾಕು. ಅಂದು ಭಾನುವಾರ, ನಾನೂ ಶೆಡ್ಡಿನಲ್ಲಿದ್ದೆ. ವೈನಿ ಹಾಳೆಯನ್ನು ಬೆಳಕಿಗೆ ಹಿಡಿದು, ನಟನ ಮುಖದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಚಾಕನ್ನಷ್ಟೇ ಬಹಳ ಹೊತ್ತು ನೋಡಿದರು.

“ಯೇ ಕೌನ್ ಬನಾಯಾ ಸಾಬ್?” — ಇದನ್ನು ಮಾಡಿದವರು ಯಾರೆಂದು ಕೇಳಿದರು.

ಸೂರಿಬಾಬು ನಕ್ಕುಬಿಟ್ಟ. “ಹೀರೋ ಕಾ ನಾಮ್ ಪೂಛೋ ಅಮ್ಮಾ, ಬೋಲ್ತೂಂ. ಚಾಕು ಬನಾನೇವಾಲೇ ಕಾ ನಾಮ್ ಕೌನ್ ಯಾದ್ ರಖ್ತಾ?” ಹೀರೋನ ಹೆಸರಾದರೆ ಹೇಳುತ್ತೇನೆ, ಚಾಕು ಮಾಡಿದವನ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು.

ವೈನಿ ನನ್ನ ಕಡೆ ತಿರುಗಿ, ಅವನಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು. “ಊರಾಗ ಕುಡಗೋಲು ಕೊಳ್ಳಾಕಿನೂ ಯಾರ ಕೈಯ್ಯಂದು ಅಂತ ಕೇಳ್ತಾಳ. ಇವ್ರು ಇಷ್ಟು ಶ್ಯಾಣ್ಯಾರಿದ್ದು ಕೇಳಂಗಿಲ್ಲೇನ?”

ನಾನೂ ನಕ್ಕೆ. ಅವತ್ತು ನಾನೂ ನಕ್ಕೆನೆಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಚಿತ್ರಕ್ಕೆ ಒಂದೇ ಚಾಕು ಸಾಲದು. ಹತ್ತಿರದಿಂದ ತೋರಿಸುವುದಕ್ಕೆ ಉಕ್ಕಿನದೊಂದು, ಹೊಡೆದಾಟಕ್ಕೆ ಅಲಗಿಲ್ಲದ ಅಲ್ಯೂಮಿನಿಯಂ ಎರಡು, ಬೀಳುವ-ಏಳುವ ದೃಶ್ಯಕ್ಕೆ ರಬ್ಬರಿನದು. ರಬ್ಬರಿನದನ್ನು ಬೇರೆಯವರು ಎರಕ ಹೊಯ್ದರು, ಉಳಿದವು ವೈನಿಯವು. ಉಕ್ಕಿನದಕ್ಕೆ ಲಾರಿಯ ಹಳೆಯ ಕಮಾನುಪಟ್ಟಿ. ಹಿಡಿಕೆಗೆ ನೀರಿನ ಪೈಪಿನ ತುಂಡು. ದಿಕ್ಸೂಚಿಯನ್ನು ನಾನೇ ನಾಂಪಲ್ಲಿಯ ಜನವರಿ ಪ್ರದರ್ಶನದಲ್ಲಿ ಆಟಿಕೆಯ ಅಂಗಡಿಯಿಂದ ತಂದುಕೊಟ್ಟೆ. ಅದು ಯಾವತ್ತೂ ಉತ್ತರ ತೋರಿಸಲಿಲ್ಲ.

ಹದ ಹಾಕುವ ದಿನ ವೈನಿ ಹಗಲಿನಲ್ಲೇ ಶೆಡ್ಡಿನ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟರು. ಬಿಸಿಲಿನಲ್ಲಿ ಕಾದ ಕಬ್ಬಿಣದ ಕೆಂಪು ಸುಳ್ಳು ಹೇಳುತ್ತದಂತೆ. ಸರಿಯಾದ ಕೆಂಪು ಬಂದಾಗ ಅಲಗನ್ನು ಎಣ್ಣೆಗೆ ಇಳಿಸಿದರು — ನೀರಿಗಲ್ಲ, ನೀರಿನಲ್ಲಿ ಕಮಾನುಪಟ್ಟಿ ಸೀಳುತ್ತದೆ — ಅಡಿಗೆಮನೆಯ ಕುಸುಬಿ ಎಣ್ಣೆಗೆ. ಆಮೇಲೆ ತಿಕ್ಕಿ ಬೆಳ್ಳಗೆ ಮಾಡಿ, ಬಿಸಿ ತಗಡಿನ ಮೇಲಿಟ್ಟು, ಬಣ್ಣ ಓಡುವುದನ್ನು ನೋಡುತ್ತ ಕುಳಿತರು. ಮೊದಲು ಗೋದಿಯ ಬಣ್ಣ. ಬೆನ್ನಿನ ಕಡೆ ಅದು ಬದನೆಯ ಬಣ್ಣಕ್ಕೆ ತಿರುಗಿದ ಕ್ಷಣ ಎತ್ತಿಬಿಡಬೇಕು. ಎಲ್ಲ ಮುಗಿದ ಮೇಲೆ ಅವರದೊಂದು ಪದ್ಧತಿ ಇತ್ತು. ಹೊಸ ಅಲಗು ಯಾರ ಮನೆಗೇ ಹೋಗುವುದಿರಲಿ, ಅದರ ಮೊದಲ ಕೆಲಸ ನಮ್ಮ ಮನೆಯ ಉಳ್ಳಾಗಡ್ಡಿ ಹೆಚ್ಚುವುದು. “ಮೊದಲು ಉಣಿಸ್ಬೇಕು. ಆಮ್ಯಾಲ ಏನರ ಮಾಡ್ಕೊಳ್ಳಿ” ಎನ್ನುತ್ತಿದ್ದರು. ಆ ನಾಯಕ ಪರದೆಯ ಮೇಲೆ ಎತ್ತಿ ತೋರಿಸಿದ ಚಾಕಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿಯ ಪಲ್ಯವನ್ನು ನಾನು ಉಂಡಿದ್ದೇನೆ.

ಚಿತ್ರ ಓಡಿತು. ಸೂರಿಬಾಬು ಬೇರೆ ಊರಿನ ಕೆಲಸಕ್ಕೆ ಹೊರಡುವ ಮುನ್ನ ವೈನಿಗೆ ಒಂದು ಮಾತು ಹೇಳಿಹೋದ — ಸಿನಿಮಾ ಕಾರ್ಮಿಕರ ಸಂಘದ ಕಾರ್ಡು ಮಾಡಿಸಿಕೊಂಡರೆ ಸ್ಟುಡಿಯೋ ಬಾಗಿಲಿನಲ್ಲಿ ಯಾರೂ ತಡೆಯುವುದಿಲ್ಲ, ಕೆಲಸ ನೇರ ನಿಮ್ಮ ಕೈಗೇ ಬರುತ್ತದೆ. ಆದರೆ ಕೆಲಸ ಮಾಡಿದ್ದಕ್ಕೆ ಲಿಖಿತ ಆಧಾರ ಬೇಕು, ಎಲ್ಲಿಯಾದರೂ ಹೆಸರು ಬಂದಿರಬೇಕು.

ಅದೇ ತಿಂಗಳು ಆ ಚಿತ್ರದ ವೆಬ್‌ಸೈಟಿನ ಕೆಲಸ ನಮ್ಮ ಕಂಪನಿಗೆ ಬಂದಿತು. ಆಗ ಸಿನಿಮಾಗಳಿಗೆ ವೆಬ್‌ಸೈಟ್ ಇರುವುದೇ ಒಂದು ಹೊಸ ಬೆಡಗು. ಚಾಕಿಗೆಂದೇ ಒಂದು ಪುಟ. ಅದನ್ನು ಬರೆಯುವುದು ನನ್ನ ಪಾಲಿಗೆ ಬಿತ್ತು. ಮ್ಯಾನೇಜರು ಕೊಟ್ಟ ಕರಡು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. “ಈ ಚಾಕನ್ನು ತಯಾರಿಸಿದವರು” ಎಂಬುದರ ಮುಂದೆ ಖಾಲಿ ಗೆರೆ. “ನಿರ್ಮಾಪಕರ ಕಡೆಯವರಿಗೆ ಗೊತ್ತಿಲ್ಲವಂತೆ. ನಿನಗೆ ತಿಳಿದರೆ ತುಂಬು, ಇಲ್ಲದಿದ್ದರೆ ಗೆರೆ ತೆಗೆದುಬಿಡು” ಎಂದರು. ಅಷ್ಟೇ. ವೈನಿಯ ಹೆಸರು ಬರೆಯಬಹುದಿತ್ತು. ಗೆರೆ ಅಳಿಸಿ ಸುಮ್ಮನಿರಬಹುದಿತ್ತು.

ನಾನು ಎರಡನ್ನೂ ಮಾಡಲಿಲ್ಲ. ಹೆಸರು ಬರೆದರೆ ಯಾರೋ ಶೆಡ್ಡು ಹುಡುಕಿಕೊಂಡು ಹೋಗುತ್ತಾರೆ. ಹೋದರೆ ಸೀರೆ ಎತ್ತಿಕಟ್ಟಿ ಸುತ್ತಿಗೆ ಹಿಡಿದ ಹೆಂಗಸನ್ನು ನೋಡುತ್ತಾರೆ. ಆಕೆ ನನ್ನ ಹೆಸರು ಹಿಡಿದು ಕರೆಯುತ್ತಾರೆ — ಇಷ್ಟನ್ನೂ ಕುರ್ಚಿಯಲ್ಲಿ ಕುಳಿತೇ ಊಹಿಸಿದೆ. ಲಿಫ್ಟಿನ ಬಾಗಿಲ ಮೇಲಿದ್ದ ಹೆಸರಿನಿಂದ ಅರ್ಧ, ಔಷಧದ ಪೆಟ್ಟಿಗೆಯಿಂದ ಅರ್ಧ ತೆಗೆದು ಒಬ್ಬ ಉಸ್ತಾದನನ್ನು ಸೃಷ್ಟಿಸಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಸಾಕಷ್ಟು ಕಡೆ ಇದೆ.

ಪುಟ ತೆಳುವಾಗಿದೆ, ಇನ್ನಷ್ಟು ವಿವರ ಬೇಕು ಎಂದರು ಮ್ಯಾನೇಜರು. ನನಗೆ ಚಾಕು ಮಾಡುವ ಬೇರೆ ವಿಧಾನವೇ ಗೊತ್ತಿರಲಿಲ್ಲ. ಆದ್ದರಿಂದ — ಇಲ್ಲಿಂದ ಮುಂದೆ ನನ್ನ ತಪ್ಪು ಕಳ್ಳತನವಾಗುತ್ತದೆ — ವೈನಿಯ ಗೋಣಿತಾಟನ್ನು ಅವನ ಬಾಗಿಲಿಗೆ ಕಟ್ಟಿದೆ. ಅವರ ಕುಸುಬಿ ಎಣ್ಣೆಯನ್ನು ಅವನಿಗೆ ಕೊಟ್ಟೆ. ಬದನೆಯ ಬಣ್ಣವನ್ನು ಅವನ ಕಣ್ಣಿಗೆ ಹಚ್ಚಿದೆ. ಹಿಮ ಬೀಳುವ ಯಾವುದೋ ಊರಿನಲ್ಲಿ ಕುಳಿತು, ಹೊಸ ಚಾಕಿನಿಂದ ಮೊದಲು ಒಂದು ಉಳ್ಳಾಗಡ್ಡಿ ಹೆಚ್ಚುವ ಮುದುಕನನ್ನು ಬರೆದೆ. ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲವೆಂದು ಮ್ಯಾನೇಜರು ಹೊಗಳಿದರು. ನನಗೆ — ಮುಚ್ಚಿಡುವುದೇಕೆ — ಸಂತೋಷವಾಯಿತು.

ಕೆಲವು ವಾರಗಳ ನಂತರ ಊಟ ಮುಗಿಸಿ ಬಂದ ಹೊತ್ತಿಗೆ ಮೇಜಿನ ಫೋನು ರಿಂಗಾಯಿತು. ಕಾರ್ಮಿಕರ ಸಂಘದ ಕಾರ್ಯದರ್ಶಿ, ಸಭ್ಯ ಮನುಷ್ಯ. ವೆಬ್‌ಸೈಟಿನ ಪುಟವನ್ನು ಬರೆದವರು ನೀವೇ ಏನಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಹೌದೆಂದೆ. ಇಲ್ಲಿ ಗಂಡ-ಹೆಂಡತಿ ಕಾರ್ಡಿಗೆ ಬಂದಿದ್ದಾರೆ, ಆ ಚಾಕು ಮಾಡಿದ್ದು ತಾನೆಂದು ಹೆಂಗಸು ಹೇಳುತ್ತಿದ್ದಾಳೆ, ನಿಮ್ಮ ಪುಟದಲ್ಲಿ ನೋಡಿದರೆ ಬೇರೆ ಹೆಸರಿದೆ — ಯಾವುದು ನಿಜ? ಅವರ ಮಾತಿನ ಹಿಂದೆ ಫ್ಯಾನಿನ ಸದ್ದು. ಅದರ ಹಿಂದೆ ನನಗೆ ಪರಿಚಿತವಾದ ದನಿ, ಮೆಲ್ಲಗೆ —

“ಉನೋ ಮೇಡಂ ಕು ಪೂಛೋ ಸಾಬ್. ಉನೋ ಸಚ್ ಬೋಲ್ತೇ.”

ಆ ಮೇಡಂ ಅವರನ್ನೇ ಕೇಳಿ, ಅವರು ನಿಜ ಹೇಳುತ್ತಾರೆ ಎಂದು. ನನ್ನ ನಾದಿನಿ ಎನ್ನಲಿಲ್ಲ. ನಾವು ಓದಿಸಿದ ಹುಡುಗಿ ಎನ್ನಲಿಲ್ಲ. ನನಗೆ ನಾಚಿಕೆಯೆಂಬುದು ಅವರಿಗೆ ಗೊತ್ತಿತ್ತು. ಆ ನಾಚಿಕೆಯನ್ನು ಕಾಪಾಡುವುದಕ್ಕಾಗಿ, ನನ್ನ ತಲೆಗೆ ಎಣ್ಣೆ ಹಚ್ಚಿ ಹೆಣಲು ಹಾಕಿದವರು ನನ್ನನ್ನು ಪರಕೀಯಳಂತೆ ಮರ್ಯಾದೆಯಿಂದ ಕರೆದರು. ಕಾರ್ಡು ಅವರಿಗೆ ಎಷ್ಟು ಬೇಕಾಗಿತ್ತೆಂಬುದು ನನಗೆ ಗೊತ್ತಿತ್ತು. ಬಂಡೆ ಒಡೆಯುವ ಯಂತ್ರಗಳು ಆಗಲೇ ಬಂದಿದ್ದವು, ಉಳಿಗಳು ಕಡಿಮೆಯಾಗುತ್ತಿದ್ದವು. ನಾನು ಒಂದು ಮಾತು ಆಡಿದ್ದರೆ —

“ಅದು ಹೊರದೇಶದಿಂದ ತರಿಸಿದ ಚಾಕು ಸರ್. ಇಲ್ಲಿಯವರು ಯಾರೂ ಮಾಡಿದ್ದಲ್ಲ” ಎಂದೆ. ತೆಲುಗಿನಲ್ಲಿ ಹೇಳಿದೆ, ವ್ಯಾಕರಣ ಸರಿಯಾಗಿತ್ತು.

ಮುಂದಿನ ಭಾನುವಾರ ಶೆಡ್ಡಿಗೆ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಅಣ್ಣ ಚಕ್ರದ ಮುಂದೆ ಬೆನ್ನು ತಿರುಗಿಸಿ ಕುಳಿತ. ವೈನಿ ರೊಟ್ಟಿ ಬಡಿಸಿದರು.

“ಕಾರ್ಡಿಂದು ಮನಸಿಗೆ ಹಚ್ಕೋಬ್ಯಾಡ. ಅದಕ್ಕ ಫೋಟೋ ಬ್ಯಾರೆ ತೆಗಸ್ಬೇಕಿತ್ತು, ನನ್ನ ಮಾರಿ ಫೋಟೋದಾಗ ಹೆದರಿದ ಎಮ್ಮಿ ಹಂಗ ಬರ್ತದ.” ಇನ್ನೊಂದು ರೊಟ್ಟಿ ಹಾಕಿ, ನನ್ನ ತಟ್ಟೆಯನ್ನೇ ನೋಡುತ್ತ ಹೇಳಿದರು, “ನೌಕರಿ ಅಂದಮ್ಯಾಲ ದೊಡ್ಡವ್ರು ಹೇಳಿದಂಗ ಹೇಳ್ಬೇಕಾಗ್ತದ. ನಿಂದೇನ ತಪ್ಪಿಲ್ಲ.”

ನಾನು ತಲೆಯಾಡಿಸಿದೆ. ಹೌದು, ದೊಡ್ಡವರು ಹೇಳಿದ್ದರು ಎಂಬಂತೆ ತಲೆಯಾಡಿಸಿದೆ. ಫೋನಿನಲ್ಲಿ ಆಡಿದ ಮಾತನ್ನು ಭಯದಿಂದ ಆಡಿದೆ ಎನ್ನಬಹುದು. ಆ ತಲೆಯಾಡಿಸುವಿಕೆಗೆ ಏನೆಂದು ಹೆಸರಿಡಲಿ? ಎರಡು ವರ್ಷಗಳಲ್ಲಿ ಕುಲುಮೆ ಆರಿತು. ಬದನೆಯ ಬಣ್ಣ ಗುರುತಿಸುತ್ತಿದ್ದ ಕಣ್ಣುಗಳು ವೆಲ್ಡಿಂಗ್ ಅಂಗಡಿಯೊಂದರಲ್ಲಿ ಬೇರೆಯವರ ಕಿಟಕಿಗಳ ಸರಳುಗಳನ್ನು ಉಜ್ಜುತ್ತ ಹದಿನೈದು ವರ್ಷ ಕಳೆದವು. ಅಣ್ಣ ತೀರಿಕೊಂಡ. ನಾನು ತಾಂತ್ರಿಕ ಕೈಪಿಡಿ ಬರೆಯುವ ತಂಡದ ಮುಖ್ಯಸ್ಥೆಯಾದೆ. ಹೊಸಬರಿಗೆ ಮೊದಲ ದಿನ ಹೇಳುವುದು, ಗೊತ್ತಿಲ್ಲದ್ದನ್ನು ಬರೆಯಬೇಡಿ ಎಂದು.

ಆ ವೆಬ್‌ಸೈಟ್ ಎಂದೋ ಮುಚ್ಚಿತು, ಪುಟ ಸಾಯಲಿಲ್ಲ. ಅಭಿಮಾನಿಗಳು ಅದನ್ನು ನಕಲು ಮಾಡಿದರು, ನಕಲಿನಿಂದ ನಕಲು ಹುಟ್ಟಿತು. ಕಳೆದ ತಿಂಗಳು ಒಂದು ಮಧ್ಯಾಹ್ನ ವೈನಿಯ ಮಗಳು ರೇಣುಕಾ ತನ್ನ ಮೊಬೈಲಿನಲ್ಲಿ ಒಂದು ವೀಡಿಯೊ ಹಾಕಿದಳು. “ಅವ್ವಾ, ನಿನ್ನ ಚಾಕು ನೋಡಿಲ್ಲಿ.” ಮೀಸೆ ತಿರುವಿದ ಒಬ್ಬ ತರುಣ, ನಾನು ಹುಟ್ಟಿಸಿದ ಉಸ್ತಾದನ ವಿಧಾನವನ್ನು ಹಿಂದಿಯಲ್ಲಿ ಭಕ್ತಿಯಿಂದ ವಿವರಿಸುತ್ತಿದ್ದ. ಕತ್ತಲು ಮಾಡಿದ. ಕುಸುಬಿ ಎಣ್ಣೆ ಸುರಿದ. ಕಡೆಗೆ ಗಂಭೀರವಾಗಿ ಒಂದು ಉಳ್ಳಾಗಡ್ಡಿ ಹೆಚ್ಚಿದ.

ವೈನಿ ಮುಂದಕ್ಕೆ ಬಾಗಿದರು. “ಹಿಂಗ ಹಿಡದ್ರ ಬೆರಳು ಹೋಗ್ತಾವಲೋ ಹುಚ್ಚಪ್ಪ” ಎಂದು ಆ ತರುಣನನ್ನು ಬೈದರು. ಆಮೇಲೆ ಅವರ ಮುಖ ಅರಳಿತು. ಆ ಮುಖವನ್ನು ನಾನು ಕುಲುಮೆಯ ಮುಂದೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

“ನೋಡ ಸುಮಿತ್ರಾ! ಅಷ್ಟು ದೂರದಾಗ ಒಬ್ಬಾಂವ ನಮ್ಮಂಗೇ ಮಾಡ್ತಿದ್ನಂತ. ಎಣ್ಣಿನೂ ಅದೇ, ಉಳ್ಳಾಗಡ್ಡಿನೂ ಅದೇ! ನಾ ಒಬ್ಬಾಕಿನೇ ಹಿಂಗ ಅಂದ್ಕೊಂಡಿದ್ದೆ.” ನನ್ನ ಮೊಣಕೈ ಹಿಡಿದರು. “ಅಂವ ಇನ್ನಾ ಇದ್ದಾನೇನು? ಇದ್ರ ನೀ ಇಂಗ್ಲಿಷಿನಾಗ ಒಂದ ಕಾಗದ ಬರಿ. ಚಳಿಗಾಲದಾಗ ಎಣ್ಣಿ ಎಷ್ಟು ಬಿಸಿ ಮಾಡ್ತಿದ್ದಿ ಅಂತ ಕೇಳು. ನಂಗ ಅದೊಂದು ಕಡೀತನಕ ಪಕ್ಕಾ ಆಗ್ಲಿಲ್ಲ.”

ಅವರ ಕಸುಬನ್ನು ಕಿತ್ತುಕೊಂಡು ಒಬ್ಬ ಇಲ್ಲದವನಿಗೆ ಕೊಟ್ಟೆ. ಅವರು ಅವನಲ್ಲಿ ಒಬ್ಬ ಗೆಳೆಯನನ್ನು ಕಂಡರು. “ಬರೀತೀನ್ರಿ ವೈನಿ” ಎಂದೆ.

ಈಗ, ನನ್ನ ಮಾತನ್ನು ನಂಬದವರಿಗೆ. ಇಷ್ಟು ವರ್ಷ ಇನ್ನೊಬ್ಬನ ಹೆಸರು ಜಪಿಸಿದವರು ಸಾಕ್ಷಿ ಕೇಳುತ್ತೀರಿ, ಕೇಳಿರಿ. ಆ ಉಕ್ಕಿನ ಚಾಕು ಚಿತ್ರದ ನಿರ್ಮಾಪಕರ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ, ಕೆಳಗೆ ಆ ಸುಳ್ಳು ಹೆಸರಿನ ಚೀಟಿ. ಅದನ್ನು ಹೊರತೆಗೆಯಿರಿ. ಬೆನ್ನಿನ ಹಲ್ಲುಗಳಲ್ಲಿ ಕೊನೆಯ ಎರಡು ಗಿಡ್ಡ — ಹಲ್ಲು ಕೊರೆಯುವ ಅರ ಸವೆದುಹೋಗಿತ್ತು, ಹೊಸದು ಸಿಗಲಿಲ್ಲ. ಹಿಡಿಕೆಯ ಮುಚ್ಚಳ ತಿರುಗಿಸಿ ಒಳಗೆ ಟಾರ್ಚು ಬಿಡಿರಿ. ಪೈಪಿನ ತಳದಲ್ಲಿ ಅಲಗಿನ ಬಾಲ ಕಾಣುತ್ತದೆ. ಅದರ ಮೇಲೆ ಉಳಿಯಿಂದ ಹೊಡೆದ ಮೂರು ಗೀರುಗಳಿವೆ, ಜೋಳದ ತೆನೆಯ ಹಾಗೆ. ಅದು ವೈನಿಯ ಗುರುತು. ಭಾಲ್ಕಿ ಕಡೆಯ ಎಷ್ಟೋ ಮನೆಗಳ ಕುಡಗೋಲುಗಳ ಮೇಲೆ ಅದೇ ಗುರುತು ಇಂದಿಗೂ ಇದೆ. ಗಾಜಿನ ಪೆಟ್ಟಿಗೆ ತೆರೆಯುವುದಿಲ್ಲವೆಂದರೆ, ಏಕೆ ತೆರೆಯುವುದಿಲ್ಲವೆಂದು ಹೇಳಬೇಕಾದವರು ನೀವು. ಈ ಬರಹದ ಪ್ರತಿಯನ್ನು ಆ ಕಚೇರಿಗೂ ಕಾರ್ಮಿಕರ ಸಂಘಕ್ಕೂ ಕಳಿಸಿದ್ದೇನೆ. ಕೆಳಗೆ ನನ್ನ ಹುದ್ದೆಯನ್ನು ಬರೆದಿಲ್ಲ, ಕಾಶೀಬಾಯಿಯವರ ನಾದಿನಿ ಎಂದು ಬರೆದಿದ್ದೇನೆ. ಕಾರ್ಡು ಕೊಡಿರೆಂದು ಕೇಳಿಲ್ಲ. ಅದರ ಕಾಲ ಮುಗಿಯಿತು, ಮುಗಿಸಿದವಳು ನಾನು.

ವೈನಿಗೆ ಓದಲು ಬರುವುದಿಲ್ಲ. ನಾಳೆ ಬೆಳಿಗ್ಗೆ ರೇಣುಕಾಳ ಮನೆಗೆ ಹೋಗಿ, ಅವಳ ಎದುರಿಗೇ ವೈನಿಯ ಮುಂದೆ ಕುಳಿತು, ಇದನ್ನು ಮೊದಲ ಸಾಲಿನಿಂದ ಜೋರಾಗಿ ಓದುತ್ತೇನೆ. ದೊಡ್ಡವರು ಯಾರೂ ಹೇಳಿರಲಿಲ್ಲ ಎಂಬಲ್ಲಿ ದನಿ ತಗ್ಗಿಸುವುದಿಲ್ಲ. ಅವರು ಎದ್ದು ಹೋದರೆ ಬಾಗಿಲ ತನಕ ಹಿಂದೆ ಹೋಗಿ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ — ಕೇಳಿದರೆ ಅವರು ಕೊಟ್ಟುಬಿಡುತ್ತಾರೆ.

ವೈನಿ, ನೀವು ಬರೆಯೆಂದ ಕಾಗದ ಇದು. ಅವನಿಗೆ ಬರೆಯುವಂತಿಲ್ಲ, ಅವನು ಇಲ್ಲ, ಎಂದೂ ಇರಲಿಲ್ಲ. ಚಳಿಗಾಲದಲ್ಲಿ ಎಣ್ಣೆಯನ್ನು ಎಷ್ಟು ಬಿಸಿ ಮಾಡಬೇಕೆಂಬುದನ್ನು ಕೇಳುವುದಕ್ಕೆ ನನಗೆ ಗೊತ್ತಿರುವವರು ಈ ಲೋಕದಲ್ಲಿ ಒಬ್ಬರೇ — ನೀವು.